ಜ್ವರದ ಕಾಲಂ

ನಾನು ಕೆಲಸ ಮಾಡಿದ ಪತ್ರಿಕೆಯಲ್ಲಿ ನನ್ನ ಹೆಸರು ಒಂದು ಸುದ್ದಿಯಾಗಿ ಅಚ್ಚಾದದ್ದು ಒಂದೇ ಸಲ, ಅದೂ ತಪ್ಪು ಮಾಡಿದವಳು ಅಂತ. ಅಚ್ಚು ಮಾಡಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮುದುಕಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದಕ್ಕೆ ಬರೆದಳು ಎಂದು ಆಮೇಲೆ ಯಾರೂ ಅನ್ನಬಾರದು.

ಪತ್ರಿಕೆ ಅಂದರೆ ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವಂಥದ್ದಲ್ಲ. ರೇಷ್ಮೆ ಹುಳು, ಹಿಪ್ಪುನೇರಳೆ ಸೊಪ್ಪು, ಗೂಡು, ನೂಲು ಇವುಗಳ ಮೇಲೆ ವಿಜ್ಞಾನಿಗಳು ಬರೆದ ಸಂಶೋಧನಾ ಲೇಖನಗಳನ್ನು ಮೂರು ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ಹೊರತರುವ ಪತ್ರಿಕೆ. ಆಫೀಸು ರಾಮನಗರದಲ್ಲಿ, ಗೂಡಿನ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರ, ಒಂದು ಮಹಡಿಯ ಮೇಲೆ. ಕೆಳಗಿನ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಆ ವಾಸನೆಗೆ ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಭಾನುವಾರ ಅದಿಲ್ಲದಿದ್ದರೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಇದ್ದವರು ಮೂರೇ ಜನ. ಪ್ರಧಾನ ಸಂಪಾದಕರನ್ನು ಎಲ್ಲರೂ ಪ್ರೊಫೆಸರು ಅಂತಲೇ ಕರೆಯುತ್ತಿದ್ದೆವು. ಹೆಸರು ಬರೆಯುವುದಿಲ್ಲ, ಅವರ ಮೊಮ್ಮಕ್ಕಳು ಕನ್ನಡ ಓದುತ್ತಾರೆ. ಪುಟ ಕಟ್ಟುವವನು ಇಮ್ತಿಯಾಜ್, ಊರಿನ ನೂಲು ತೆಗೆಯುವ ಮನೆತನದ ಹುಡುಗನಾಗಿ ಬಂದವನು, ನಾನು ನಿವೃತ್ತಳಾಗುವಾಗ ಅವನ ಗಡ್ಡವೂ ಬೆಳ್ಳಗಾಗಿತ್ತು. ನಾನು ಸಹಸಂಪಾದಕಿ ರತ್ನಮ್ಮ. ನಮ್ಮ ಊರು ಮಾಗಡಿ ತಾಲ್ಲೂಕಿನಲ್ಲಿ, ಕುದೂರಿನ ಹತ್ತಿರ. ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವಳು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ತಪ್ಪಿನ ತೂಕ ಇರುವುದು ಅದರಲ್ಲೇ.

ಈಗ ಈ ಕೆಲಸಕ್ಕೆ ಬರುವವರು ನೀವು ಕಂಪ್ಯೂಟರಿನ ಮುಂದೆ ಕೂತು ಇಡೀ ಪತ್ರಿಕೆಯನ್ನು ಬೆರಳ ತುದಿಯಲ್ಲಿ ಮಾಡುತ್ತೀರಿ. ನಾನು ಸೇರಿದಾಗ ಲೇಖನಗಳು ಅಂಚೆಯಲ್ಲಿ ಮೂರು ಪ್ರತಿಯಾಗಿ ಬರುತ್ತಿದ್ದವು. ಒಂದನ್ನು ಇಟ್ಟುಕೊಂಡು ಎರಡನ್ನು ಆ ವಿಷಯ ತಿಳಿದ ಬೇರೆ ವಿಜ್ಞಾನಿಗಳಿಗೆ ಕಳಿಸುವುದು. ಅವರು ಓದಿ, ಸರಿಯಿದೆ, ಸರಿಯಿಲ್ಲ, ಇಲ್ಲಿ ಅನುಮಾನವಿದೆ ಎಂದು ಬರೆಯುವುದು. ಅವರನ್ನು ಪರಿಶೀಲಕರು ಅನ್ನುತ್ತಿದ್ದೆವು. ಒಬ್ಬ ಪರಿಶೀಲಕರು ಮಗಳ ಮದುವೆ ಮುಗಿಯುವವರೆಗೆ ಲೇಖನವನ್ನು ಬೀರುವಿನಲ್ಲಿಟ್ಟು, ಕೊನೆಗೆ ಲೇಖನದ ಜೊತೆ ಲಗ್ನಪತ್ರಿಕೆಯನ್ನೂ ಕಳಿಸಿದ್ದರು. ಮೊದಲ ವರ್ಷವೇ ನಾನು ಒಂದು ಚಿಟ್ಟೆಯ ಫೋಟೋವನ್ನು ತಲೆಕೆಳಗಾಗಿ ಅಚ್ಚು ಹಾಕಿಸಿದೆ. "ನನ್ನ ಚಿಟ್ಟೆ ಇನ್ನೂ ಸತ್ತಿಲ್ಲ, ದಯವಿಟ್ಟು ಎತ್ತಿ ನಿಲ್ಲಿಸಿ" ಎಂದು ಲೇಖಕರು ಕಾರ್ಡು ಬರೆದರು. ಆ ಕಾರ್ಡನ್ನು ಪ್ರೊಫೆಸರು ನನ್ನ ಮೇಜಿನ ಗಾಜಿನ ಕೆಳಗಿಟ್ಟು, ತೆಗೆಯಕೂಡದೆಂದು ಅಪ್ಪಣೆ ಮಾಡಿದರು.

ಆಮೇಲೆ ಇಮೇಲ್ ಬಂತು. ಕೆಲಸ ಹಗುರಾಯಿತು, ಮೋಸವೂ ಹಗುರಾಯಿತು. ಒಂದು ಕಾಲೇಜಿನ ವಿಭಾಗದ ಮುಖ್ಯಸ್ಥರು ಒಮ್ಮೆ ಫೋನು ಮಾಡಿದರು.

"ಮೇಡಂ, ಆ ಲೇಖನದಾಗೆ ನಮ್ಮ ಭಾವಮೈದಂದೂ ಒಂದು ಹೆಸ್ರು ಸೇರಿಸಿಬುಡಿ."

"ಅವರು ಏನು ಕೆಲಸ ಮಾಡಿದ್ರು ಸಾರ್?"

"ಕಾರು ಕೊಟ್ಟಿದ್ದ ಮೇಡಂ, ಹಳ್ಳಿ ಕಡೆ ಓಡಾಡಕ್ಕೆ."

"ಹಂಗಾದ್ರೆ ಕೊನೇಲಿ ಕೃತಜ್ಞತೆ ಹೇಳೋಣ ಸಾರ್. ಬೇಕಿದ್ರೆ ಕಾರಿನ ನಂಬರೂ ಹಾಕೋಣ."

ಅವರು ಫೋನು ಕುಕ್ಕಿದರು. ಮರುದಿನವೇ ನಾನೊಂದು ಫಾರಂ ಮಾಡಿದೆ. ಲೇಖಕರೆಂದು ಹೆಸರು ಹಾಕಿಸಿಕೊಳ್ಳುವ ಪ್ರತಿಯೊಬ್ಬರೂ ತಾವು ಏನು ಮಾಡಿದೆವು ಎಂದು ತಮ್ಮ ಕೈಬರಹದಲ್ಲೇ ಬರೆಯಬೇಕು. ಬಂದ ಫಾರಮ್ಮುಗಳಲ್ಲಿ ಎಷ್ಟೋ ಜನ "ಪ್ರೋತ್ಸಾಹ ನೀಡಿದ್ದೇನೆ" ಎಂದು ಬರೆದಿದ್ದರು. ಅವರಿಗೆಲ್ಲ ಹೆಸರು ಸಿಗಲಿಲ್ಲ, ಪ್ರೊಫೆಸರಿಗೆ ಶತ್ರುಗಳು ಸಿಕ್ಕರು.

ಇನ್ನೊಬ್ಬ ಲೇಖಕ ಪರಿಶೀಲಕರ ಹೆಸರನ್ನು ತಾನೇ ಸೂಚಿಸಿದ್ದ, ಮೂರು ಜನ, ಮೂರು ಇಮೇಲ್ ವಿಳಾಸ. ಮೂವರೂ ಒಂದೇ ಮಧ್ಯಾಹ್ನ ಉತ್ತರ ಕಳಿಸಿದರು, ಮೂವರೂ ಲೇಖನವನ್ನು ಹಾಡಿ ಹೊಗಳಿದರು, ಮತ್ತು ಮೂವರೂ ಹಿಪ್ಪುನೇರಳೆಯ ಇಂಗ್ಲಿಷ್ ಹೆಸರಿನಲ್ಲಿ ಒಂದೇ ಅಕ್ಷರ ಬಿಟ್ಟಿದ್ದರು. ತನ್ನ ಲೇಖನಕ್ಕೆ ತಾನೇ ಮೂರು ವೇಷ ಹಾಕಿ ಬಂದಿದ್ದ ಪುಣ್ಯಾತ್ಮ. ಮುಂದೆ, ಕದ್ದ ವಾಕ್ಯಗಳನ್ನು ಬೇರೆ ಮಾತಿನಲ್ಲಿ ಬರೆದುಕೊಡುವ ತಂತ್ರಾಂಶಗಳು ಬಂದವು. ಅಂಥದ್ದೊಂದು ಲೇಖನದಲ್ಲಿ ರೇಷ್ಮೆ ಹುಳು ಎಂದಿರಬೇಕಾದಲ್ಲೆಲ್ಲ ನುಣುಪಾದ ಎರೆಹುಳು ಎಂಬ ಅರ್ಥದ ಇಂಗ್ಲಿಷು ಇತ್ತು. ಇಮ್ತಿಯಾಜ್ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕ. ನಾನೂ ನಕ್ಕೆ. ಯಂತ್ರ ನನ್ನ ಕಣ್ಣು ತಪ್ಪಿಸಲಾರದು ಎಂಬ ಜಂಬ ಬಂದದ್ದು ಆಗಲೇ.

ಆ ಜಂಬ ಇಳಿದದ್ದು ನಿವೃತ್ತಿಗೆ ಮೂರು ತಿಂಗಳಿದ್ದಾಗ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ನನ್ನದೇ ವಯಸ್ಸು, ಕೈಯಲ್ಲಿ ಬಟ್ಟೆ ಚೀಲ. ಕನಕಪುರ ತಾಲ್ಲೂಕು, ಕಬ್ಬಾಳಿನ ಹತ್ತಿರದ ಹಳ್ಳಿ, ಹೆಸರು ಚಿಕ್ಕತಾಯಮ್ಮ ಎಂದು ಹೇಳಿ, ಚೀಲದಿಂದ ಒಂದು ಬಣ್ಣದ ಕರಪತ್ರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಿಪ್ಪುನೇರಳೆ ಎಲೆಗೆ ಹೊಡೆಯುವ ಒಂದು ದ್ರಾವಣದ ಜಾಹೀರಾತು ಅದು. ಈ ದ್ರಾವಣ ಹೊಡೆದ ಸೊಪ್ಪು ತಿಂದರೆ ಹುಳುಗಳಲ್ಲಿ ರೋಗ ಲಕ್ಷಣ ಅರ್ಧಕ್ಕರ್ಧ ಇಳಿಯುತ್ತದೆ, ಇದು ವಿಜ್ಞಾನ ಪತ್ರಿಕೆಯಲ್ಲಿ ಸಾಬೀತಾಗಿದೆ ಎಂದಿತ್ತು. ಕೆಳಗೆ ನಮ್ಮ ಪತ್ರಿಕೆಯ ಹೆಸರು, ವಿಳಾಸ.

"ಇದ ಬರ್ದೋರು ಯಾರವ್ವಾ?"

"ಬರೆದವರು ಬೇರೆ ರಾಜ್ಯದವರು ಅಕ್ಕ. ನಾವು ಅವರ ಲೇಖನ ಅಚ್ಚು ಹಾಕಿದವರು."

"ಓದ್ದೆ ಅಚ್ಚಾಕ್ಬುಟ್ರಾ?"

"ಓದಿದೀವಿ. ಒಂದಕ್ಕೆ ನಾಲ್ಕು ಸಲ ಓದ್ತೀವಿ."

ಅವರು ಕರಪತ್ರ ಮಗುಚಿ ಹಿಂದಿದ್ದ ಅಂಕಿಗಳ ಪಟ್ಟಿಯ ಮೇಲೆ ಬೆರಳಿಟ್ಟರು. ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದು ಪಕ್ಕದಲ್ಲಿ ಬಿಡಿಸಿದರು.

"ಈ ಅಂಕಿಗ್ಳು ನಂದು. ಹಿಂದೆ ಈ ಔಷ್ದಿ ಪರೀಕ್ಷೆ ಮಾಡಕ್ ಬಂದೋರು ಪುಸ್ತಕ ಕೊಟ್ಟು, ದಿನಾ ಹುಳದ ತಟ್ಟೆ ನೋಡಿ ಬರೀರಿ ಅಂದ್ರು. ನಾನೇ ನನ್ ಕೈಯಾರ ಬರ್ದಿವ್ನಿ. ನೋಡಿ, ಇಲ್ಲಿ ನಾನು ಬರ್ದಿರದು ಜ್ವರ ಅಂತ. ನಿಮ್ಮಲ್ಲಿ ರೋಗ ಅಂತ ಐತೆ. ನಮ್ಮನೇಗೆ ಆ ಬೆಳೇಲಿ ರೋಗ್ವೇ ಬಂದಿರ್ನಿಲ್ಲ ಕಣವ್ವ."

ನಾನು ಎರಡನ್ನೂ ಹತ್ತಿರಕ್ಕೆಳೆದುಕೊಂಡು ಸಾಲು ಸಾಲಾಗಿ ಹೋಲಿಸಿದೆ.

ಹುಳು ಸಾಕದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಒಂದು ಸಲಕ್ಕೆ ಸಾಕುವ ಹುಳುಗಳಿಗೆ ಬೆಳೆ ಅನ್ನುತ್ತಾರೆ. ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಪೊರೆ ಬಿಟ್ಟು ದೊಡ್ಡದಾಗುತ್ತದೆ. ಪೊರೆ ಬಿಡುವ ಹೊತ್ತಿಗೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗದೆ ಕೂರುತ್ತದೆ. ಹಾಗೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತವೆ, ಜ್ವರ ಎದ್ದವೆ ಅನ್ನುವುದು ಹುಳುಮನೆಯ ದಿನದ ಮಾತು. ಅದು ಕಾಯಿಲೆಯಲ್ಲ, ಬೆಳವಣಿಗೆ. ನಾನು ಚಿಕ್ಕವಳಿದ್ದಾಗ ಅವ್ವ ಬಾಗಿಲಲ್ಲೇ ಕೈ ಅಡ್ಡ ಹಿಡಿದು, "ಜ್ವರಕ್ಕೆ ಕೂತವೆ, ದಡಬಡ ಮಾಡ್ಬ್ಯಾಡ" ಎಂದು ಪಿಸುಗುಡುತ್ತಿದ್ದಳು. ಮಾತು ಬರುವ ಮೊದಲೇ ನನಗೆ ಈ ಮಾತು ಗೊತ್ತಿತ್ತು ಅಂದರೂ ಸರಿಯೇ.

"ಅಕ್ಕ, ಆಮೇಲೆ ನೀವೂ ಇಡೀ ಬೆಳೆಗೆ ಈ ದ್ರಾವಣ ಹೊಡೆದ್ರಾ?" ಎಂದು ಕೇಳಿದೆ. ಕೇಳುವ ಮೊದಲೇ ಉತ್ತರ ಗೊತ್ತಿತ್ತು.

"ಹೊಡುದ್ನಲ್ಲಾ! ಪತ್ರಿಕೇಲಿ ಬಂದದೆ ಅಂತ ನಂಬ್ಬುಟ್ಟೆ. ನಾಕ್ನೇ ಜ್ವರಕ್ಕೆ ಅರ್ಧ ಹುಳ ಕೂತ್ಕೊಳ್ನೇ ಇಲ್ಲ. ಕೂತವು ಎದ್ದು ಸೊಪ್ಪಿಗೆ ಬಾಯಾಕ್ತವೆ, ಇವು ಒಣಗ್ತಾ ಅವೆ. ಬೆಳೆ ಪೂರ್ತಿ ತಿಪ್ಪೆಗೆ ಹಾಕ್ದೆ. ಆಮೇಲೆ ಈ ಕಾಗ್ದ ತಿರುಗ್ಸಿ ನೋಡ್ದೆ. ಜ್ವರಕ್ಕೆ ಕೂರ್ದೆ ಇದ್ರೆ ಹುಳ ಬೆಳೆಯದೆಂಗೆ? ನೀವೇ ಯೋಳಿ."

ಅವರನ್ನು ಕೂರಿಸಿ ಕಾಫಿ ತರಿಸಿದೆ. ಅವರು ಲೋಟ ಮುಟ್ಟಲಿಲ್ಲ. ಏಳುವಾಗ ಅಂದರು, "ನನ್ ಬೆಳೆ ಹೋಯ್ತು, ಹೋಗ್ಲಿ. ಈಗ ಊರೂರಿಗೂ ಹಂಚ್ತಾವ್ರೆ ಇದ. ಮಾಗಡಿ ಕಡೀಕೂ ಬಂದದಂತೆ. ನಿಲ್ಸಿ."

ನೋಟ್ ಪುಸ್ತಕವನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

ಇಮ್ತಿಯಾಜ್ ಆ ಲೇಖನದ ಹಳೆಯ ಫೈಲು ತೆಗೆದ. ಒಂದೊಂದು ಪದವನ್ನೂ ಯಾರು, ಯಾವಾಗ ತಿದ್ದಿದರು ಎಂಬುದನ್ನು ಕಂಪ್ಯೂಟರು ಇಟ್ಟುಕೊಂಡಿರುತ್ತದೆ. ಹಿಂದಿನ ಕಾಗದದ ಪ್ರೂಫ್ ಆಗಿದ್ದರೆ ಎಂದೋ ರದ್ದಿಗೆ ಹೋಗಿರುತ್ತಿತ್ತು. ಲೇಖಕರು ಕಳಿಸಿದ ಮೊದಲ ಪ್ರತಿಯಲ್ಲಿ "ಫೀವರ್" ಎಂದೇ ಇತ್ತು. ಒಬ್ಬ ಪರಿಶೀಲಕರು ಅಂಚಿನಲ್ಲಿ, ಹುಳುವಿಗೆ ಫೀವರ್ ಎಂಬುದು ಉಂಟೇ, ಲೇಖಕರನ್ನು ವಿಚಾರಿಸಿ ಎಂದು ಬರೆದಿದ್ದರು. ಅದರ ಕೆಳಗೆ ಹಸಿರು ಬಣ್ಣದಲ್ಲಿ ಫೀವರ್ ಹೊಡೆದು ಹಾಕಿ ರೋಗ ಲಕ್ಷಣ ಎಂಬ ಅರ್ಥದ ಗಂಭೀರ ಇಂಗ್ಲಿಷ್ ಪದ ಸೇರಿಸಲಾಗಿತ್ತು. ಪರಿಶೀಲಕರ ಪ್ರಶ್ನೆಯ ಮುಂದೆ "ಸರಿಪಡಿಸಲಾಗಿದೆ" ಎಂಬ ಗುರುತು.

ಹಸಿರು ನನ್ನ ಬಣ್ಣ.

"ಮೇಡಂ, ಇದು ನೀವೇ ಮಾಡಿರೋದು" ಎಂದ ಇಮ್ತಿಯಾಜ್, ಪರದೆಯನ್ನೇ ನೋಡುತ್ತ. ಆಮೇಲೆ ದನಿ ತಗ್ಗಿಸಿ, "ಈ ಹಳೇ ಫೈಲನ್ನ ಯಾರೂ ಕೇಳಲ್ಲ ಮೇಡಂ. ಲೇಖನ ಅವರ್ದು, ತಪ್ಪೂ ಅವರ್ದೇ ಅಂತಾರೆ."

"ಪ್ರಿಂಟ್ ತೆಗಿ" ಎಂದೆ.

ನಾಚಿಕೆಯಾಯಿತು. ಲೇಖಕರಿಗೆ ಕನ್ನಡ ಬಾರದು, ಹುಳು ಸಾಕುವುದೂ ಗೊತ್ತಿಲ್ಲ, ಅವರು ಎಲೆಗೆ ಹೊಡೆಯುವ ದ್ರಾವಣಗಳ ಮೇಲೆ ಕೆಲಸ ಮಾಡುವವರು. ಆದರೆ ನನಗೆ? ಮನೆಯಲ್ಲಿ ಆಡುವ ಮಾತನ್ನು ಮನೆಯ ಗೂಟಕ್ಕೆ ನೇತುಹಾಕಿ, ಬಸ್ಸು ಹತ್ತಿ ಆಫೀಸಿಗೆ ಬಂದು ಇಂಗ್ಲಿಷ್ ಉಟ್ಟುಕೊಂಡು ಕೂರುತ್ತಿದ್ದೆ. ಫೀವರ್ ಎಂಬ ಪದ ನೋಡಿದಾಗ ಇದರ ಹಿಂದೆ ನಮ್ಮ ಜ್ವರ ಇದೆ ಎಂದು ಹೊಳೆಯಲೇ ಇಲ್ಲ. ಪದ ಒರಟಾಗಿದೆ, ನಯ ಮಾಡೋಣ ಎಂದಷ್ಟೇ ಹೊಳೆಯಿತು. ಹಾಗೇ ಬಿಟ್ಟಿದ್ದರೆ ಓದಿದವರಾದರೂ ನಕ್ಕು, ಇದೇನು ಎಂದು ಕೇಳುತ್ತಿದ್ದರು. ನಾನು ಅದಕ್ಕೆ ಒಳ್ಳೆಯ ಬಟ್ಟೆ ತೊಡಿಸಿ, ಯಾರೂ ಕೇಳದ ಹಾಗೆ ಮಾಡಿದೆ.

ಲೇಖಕರಿಗೆ ಬರೆದೆ. ಎರಡೇ ದಿನದಲ್ಲಿ ಉತ್ತರ ಬಂತು. ರೈತರ ಪುಸ್ತಕಗಳ ಫೋಟೋ ತೆಗೆದು ಫೋನಿನ ತಂತ್ರಾಂಶದಿಂದ ಅನುವಾದ ಮಾಡಿದ್ದಾರಂತೆ. ನಿಘಂಟು ನೋಡಿದರೂ ಜ್ವರಕ್ಕೆ ಅದೇ ಅರ್ಥವಿದೆ, ಆದ್ದರಿಂದ ಅನುವಾದ ಸರಿಯಾಗಿಯೇ ಇದೆಯಂತೆ. ಯೋಜನೆ ಮಾರ್ಚಿಗೆ ಮುಗಿಯುತ್ತಿದ್ದರಿಂದ ನಾಲ್ಕನೇ ಜ್ವರದ ದಿನಕ್ಕೇ ಲೆಕ್ಕ ನಿಲ್ಲಿಸಿ, ದ್ರಾವಣದ ಸೊಪ್ಪು ತಿಂದ ತಟ್ಟೆಗಳನ್ನು ಎತ್ತಿಕೊಂಡು ಹೋಗಿದ್ದರಂತೆ. ಹುಳು ಕೊನೆಗೆ ಗೂಡು ಕಟ್ಟಿತೋ ಸತ್ತಿತೋ ಚಿಕ್ಕತಾಯಮ್ಮನೂ ನೋಡಲಿಲ್ಲ, ಅವರೂ ನೋಡಲಿಲ್ಲ. ಅವರು ಸುಳ್ಳು ಹೇಳಿದವರಲ್ಲ. ಯಾರನ್ನೂ ಕೇಳದವರು ಅಷ್ಟೇ. ಈ ಕೆಲಸದಲ್ಲಿ ಸುಳ್ಳುಗಾರರಿಗಿಂತ ಇಂಥವರೇ ಜಾಸ್ತಿ ಸಿಗುತ್ತಾರೆ, ನಾನೂ ಒಬ್ಬಳು.

ಪ್ರೊಫೆಸರಿಗೆ ಎಲ್ಲ ಹೇಳಿ, ಲೇಖನವನ್ನು ಹಿಂಪಡೆಯಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ರತ್ನಮ್ಮ, ಮೂರು ತಿಂಗಳಿಗೆ ಮನೆಗೆ ಹೋಗ್ತೀರಿ. ನಮ್ಮ ಪತ್ರಿಕೆ ಇದುವರೆಗೂ ಒಂದು ಲೇಖನವನ್ನೂ ಹಿಂದಕ್ಕೆ ತಗೊಂಡಿಲ್ಲ. ಒಂದು ಪದ ತಾನೇ? ಮುಂದಿನ ಸಂಚಿಕೆ ಕೊನೆ ಪುಟದಲ್ಲಿ ಒಂದು ಸಾಲು ತಿದ್ದುಪಡಿ ಹಾಕಿ. ರೋಗ ಲಕ್ಷಣ ಅನ್ನೋ ಕಡೆ ಪೊರೆ ಬಿಡುವುದು ಎಂದು ಓದಿಕೊಳ್ಳಿ, ಅಂತ. ಮುಗೀತು."

"ಹಂಗೇ ಓದಿ ಸಾರ್."

"ಏನು?"

"ಲೇಖನದ ಕೊನೇ ವಾಕ್ಯ. ಆ ಪದ ಬದಲಾಯಿಸಿ, ಒಂದ್ಸಲ ಗಟ್ಟಿಯಾಗಿ ಓದಿ."

ಅವರು ಸಂಚಿಕೆ ತೆರೆದರು. "ಈ ದ್ರಾವಣವು ಹುಳುಗಳು ಪೊರೆ ಬಿಡುವುದನ್ನು ಅರ್ಧಕ್ಕೆ ಇಳಿಸುವುದರಿಂದ ರೈತರಿಗೆ ಶಿಫಾರಸು…" ಎಂದು ಅನುವಾದಿಸುತ್ತ ಬಂದು, ಅಲ್ಲಿಗೇ ನಿಂತರು. ಅವರೂ ಹುಳು ಸಾಕಿದ ಮನೆಯವರೇ.

"ವಿಷಾನ ಔಷಧಿ ಅಂತ ಹೇಳಿದೀವಿ" ಎಂದರು ಮೆಲ್ಲಗೆ.

ಒಪ್ಪಿದರು, ಆದರೆ ಅಲ್ಲಿಗೆ ಮುಗಿಯಲಿಲ್ಲ. ಲೇಖನ ಹಿಂಪಡೆಯುವ ಪ್ರಕಟಣೆಯನ್ನು ತಾವೇ ಬರೆದುಕೊಟ್ಟರು. ಲೇಖಕರ ಅನುವಾದ ದೋಷದಿಂದ, ಲೇಖಕರ ಅಜಾಗರೂಕತೆಯಿಂದ, ಲೇಖಕರ ಅಪೂರ್ಣ ಪ್ರಯೋಗದಿಂದ ಎಂದಿತ್ತು. ನಮ್ಮ ಆಫೀಸಿನ ನೆರಳೂ ಅದರ ಮೇಲೆ ಬಿದ್ದಿರಲಿಲ್ಲ. ನಾನು ಒಂದು ವಾಕ್ಯ ಸೇರಿಸಿದೆ: ಪರಿಶೀಲಕರು ಎತ್ತಿದ ಪ್ರಶ್ನೆಯನ್ನು ಲೇಖಕರಿಗೆ ತಲುಪಿಸದೆ, ತಾನೇ ಪದ ಬದಲಾಯಿಸಿ ತಪ್ಪನ್ನು ಮುಚ್ಚಿದವರು ಪತ್ರಿಕೆಯ ಸಹಸಂಪಾದಕಿ ರತ್ನಮ್ಮ. ಜ್ವರ ಎಂಬ ಪದವನ್ನು ಇಂಗ್ಲಿಷ್ ವಾಕ್ಯದ ನಡುವೆ ಕನ್ನಡ ಅಕ್ಷರದಲ್ಲೇ ಇಟ್ಟೆ, ಮುಂದೆ ಇದೇ ತಪ್ಪು ಮಾಡುವವರ ಕಣ್ಣಿಗೆ ಅದು ಚುಚ್ಚಲಿ ಎಂದು.

"ಇದೇನು ಹರಕೆನಾ? ನಿಮ್ಮ ಹೆಸರು ಯಾಕೆ ಬೇಕು?" ಎಂದರು ಪ್ರೊಫೆಸರು.

"ಲೇಖಕರು ಪ್ರತಿಯೊಬ್ಬರೂ ಏನು ಮಾಡಿದೆ ಅಂತ ಬರೀಬೇಕು ಅಂತ ಫಾರಂ ಮಾಡಿದವಳು ನಾನು ಸಾರ್. ನಾನು ಮಾಡಿದ್ದನ್ನ ನಾನು ಬರೀದೇ ಇರೋದು ಹೆಂಗೆ?"

"ನಾನು ಸಹಿ ಹಾಕಲ್ಲ."

"ಸಂಚಿಕೆಯ ಪುಟಗಳನ್ನು ಅಚ್ಚಿಗೆ ಬಿಡೋದು ನನ್ನ ಕೈಲಿದೆ ಸಾರ್. ಈ ವಾಕ್ಯ ಇಲ್ಲದೆ ನಾನೂ ಬಿಡಲ್ಲ. ಅಷ್ಟರೊಳಗೆ ಇನ್ನೊಂದು ಬೆಳೆ ಹುಳ ಮನೆಮನೆಗೂ ಬರ್ತವೆ."

ಮೂರು ದಿನ ನಾವು ಒಂದೇ ಕೋಣೆಯಲ್ಲಿ ಕೂತು ಇಮ್ತಿಯಾಜನ ಮೂಲಕ ಮಾತಾಡಿದೆವು. ನಾಲ್ಕನೆಯ ದಿನ ಅವರು ಸಹಿ ಹಾಕಿ, ಕಾಗದವನ್ನು ನನ್ನ ಕಡೆ ದೂಡಿ, ಕಿಟಕಿಯ ಕಡೆ ತಿರುಗಿ ಕೂತರು. ನನ್ನ ಬೀಳ್ಕೊಡುಗೆಗೆ ಅವರು ಬರಲಿಲ್ಲ. ನನಗೆ ಬೇಜಾರಾಯಿತು, ಈಗಲೂ ಇದೆ. ಅಕ್ಷರ ಕಲಿಸಿದ ಹಾಗೆ ಈ ಕೆಲಸ ಕಲಿಸಿದವರು ಅವರೇ. ಆದರೆ ಅದೇ ಆಯ್ಕೆ ಮತ್ತೆ ಬಂದರೆ ಅದೇ ವಾಕ್ಯ ಬರೆಯುತ್ತೇನೆ.

ಅಚ್ಚಾಗಿ ಬಂದ ಪ್ರಕಟಣೆಯನ್ನು ನೋಡಿದ ಮೇಲೆ ಕರಪತ್ರ ಮಾಡಿದವರಿಗೆ ನಮ್ಮ ಹೆಸರು ಹೇಳಿಕೊಳ್ಳಲು ಜಾಗ ಉಳಿಯಲಿಲ್ಲ. ಹಂಚುವುದು ನಿಂತಿತು. ಅಷ್ಟು ಸಾಲದು ಎಂದು ನಾನು ಒಂದು ಪುಟ ಕನ್ನಡದಲ್ಲಿ ಬರೆದೆ. ಆ ಇಂಗ್ಲಿಷ್ ಪತ್ರಿಕೆಯಿಂದ ಹೊರಬಿದ್ದ ಮೊದಲ ಕನ್ನಡ ಕಾಗದ ಅದು. ಇಮ್ತಿಯಾಜ್ ಗೂಡಿನ ಮಾರುಕಟ್ಟೆಯಲ್ಲಿ ನಿಂತು, ಗೂಡು ತಂದ ರೈತರ ಕೈಗೆ ಒಂದೊಂದು ಕೊಟ್ಟ. ಕುದೂರು, ಮಾಗಡಿ, ಕನಕಪುರದ ಬಸ್ಸುಗಳಲ್ಲೂ ಹೋದವು.

ನಿಮಗೆ ಹೇಳಬೇಕಾದ್ದು ಇಷ್ಟೇ. ಕದ್ದ ವಾಕ್ಯವನ್ನು ಹಿಡಿಯುವ ತಂತ್ರಾಂಶ ನಿಮ್ಮಲ್ಲಿರುತ್ತದೆ, ತಿದ್ದಿದ ಫೋಟೋ ಹಿಡಿಯುವುದೂ ಇರುತ್ತದೆ, ಬಳಸಿ. ಆದರೆ ಅಂಕಿ ಎಲ್ಲಿಂದ ಬಂತೋ ಅಲ್ಲಿಯ ಒಬ್ಬರನ್ನಾದರೂ ಅವರ ಮಾತಿನಲ್ಲೇ ಕೇಳಿ. ಪರಿಶೀಲಕರು ಪೆದ್ದ ಪ್ರಶ್ನೆ ಕೇಳಿದರೆ ಅದನ್ನು ನೀವು ಉತ್ತರಿಸಬೇಡಿ, ಉತ್ತರಿಸಬೇಕಾದವರಿಗೆ ಕಳಿಸಿ. ಪದ ನಯವಾಗಿಲ್ಲ ಎಂದು ಕೈ ತುರಿಸಿದಾಗ ಕೈ ಕಟ್ಟಿಕೊಂಡು ಕೂತು ಯೋಚಿಸಿ.

ನಿವೃತ್ತಿಯ ಮರುವಾರ ಚಿಕ್ಕತಾಯಮ್ಮನ ನೋಟ್ ಪುಸ್ತಕವನ್ನು ಹಿಂದಕ್ಕೆ ಕೊಡಲು ಹೋದೆ. ಕನಕಪುರದಲ್ಲಿ ಬಸ್ಸು ಬದಲಾಯಿಸಿ, ಕಬ್ಬಾಳಿನಲ್ಲಿ ಇಳಿದು, ಕೇಳಿಕೊಂಡು ನಡೆದೆ. ಹುಳುಮನೆಯ ಬಾಗಿಲಲ್ಲೇ ಅವರು ಕೈ ಅಡ್ಡ ಹಿಡಿದರು. ಹೊರಗಿನವರನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ, ಕಾಲಿನ ಜೊತೆ ರೋಗ ಬರುತ್ತದೆ. ನಾನು ಅಚ್ಚಾದ ಪ್ರಕಟಣೆಯನ್ನು ಅಲ್ಲೇ ನಿಂತು ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಹೆಸರು ಬಂದಾಗ ಅವರು ತಡೆದರು.

"ಆ ರತ್ನಮ್ಮ ಯಾರು?"

"ನಾನೇ ಅಕ್ಕ."

"ರೋಗ ಅಂತ ಬರ್ದಿದ್ದು?"

"ನಾನೇ."

ಅವರು ನನ್ನ ಮುಖವನ್ನು ದಿಟ್ಟಿಸಿದರು. ಬೈಯುತ್ತಾರೆ, ಬೈಯಲಿ ಎಂದು ನಿಂತಿದ್ದೆ.

"ಅವತ್ತು ಕಾಫಿ ಕುಡೀದೆ ಬಂದೆ ನಾನು" ಎಂದರು. "ಯಾರೋ ಬೇರೇವ್ರು ಬರ್ದವ್ರೆ ಅಂತ ನೀವು ಜಾರ್ಕೊಂಡ್ರಲ್ಲ, ಅದ್ಕೆ." ಆಮೇಲೆ ಬಾಗಿಲ ಪಕ್ಕದ ಸುಣ್ಣದ ನೀರು ತೋರಿಸಿದರು. "ಕಾಲು ತೊಳ್ಕೊಂಡು ಒಳಕ್ ಬನ್ನಿ. ಒಸಿ ಮೆಲ್ಲುಗೆ. ಜ್ವರಕ್ಕೆ ಕೂತವೆ."

ಒಳಗೆ ಸೊಪ್ಪು ತಿನ್ನುವ ಸದ್ದೇ ಇರಲಿಲ್ಲ. ತಟ್ಟೆಯ ಮೇಲೆ ತಟ್ಟೆ, ಒಂದೊಂದರಲ್ಲೂ ಹುಳುಗಳು ತಲೆ ಎತ್ತಿಕೊಂಡು, ಒಂದೂ ಅಲುಗದೆ ಕೂತಿದ್ದವು. ನಲವತ್ತು ವರ್ಷದ ಮೇಲೆ ಅವ್ವನ ಹುಳುಮನೆಗೆ ಕಾಲಿಟ್ಟ ಹಾಗಾಯಿತು. ಚಿಕ್ಕತಾಯಮ್ಮ ನನ್ನ ಕೈಯಿಂದ ನೋಟ್ ಪುಸ್ತಕ ತೆಗೆದುಕೊಂಡು, ಖಾಲಿ ಪುಟ ಹುಡುಕಿ, ಪೆನ್ಸಿಲ್ ಸಮೇತ ನನಗೇ ಕೊಟ್ಟರು.

"ಇವತ್ತಿಂದು ನೀವೇ ಬರೀರಿ. ಸರ್ಯಾಗಿ ನೋಡ್ಬುಟ್ಟು ಬರೀರಿ."

ತಟ್ಟೆ ತಟ್ಟೆಯೂ ಬಗ್ಗಿ ನೋಡಿದೆ. ಆಮೇಲೆ ಜ್ವರದ ಕಾಲಮ್ಮಿನಲ್ಲಿ "ಎಲ್ಲಾ" ಎಂದು ಬರೆದೆ.